ಎರಡನೆಯ ಬ್ರೇಕು

ಮಾರ್ಚ್ 3, ಸೋಮವಾರ

ದಿನಚರಿ ಬರೆಯಿರಿ ಅಂದರು ಧ್ಯಾನದ ಕ್ಲಾಸಿನಲ್ಲಿ, ಬರೆಯುತ್ತಿದ್ದೇನೆ. ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ.

ಬಿಪಿ ನೋಡುವ ಡಾಕ್ಟರಮ್ಮ ನನ್ನ ತೋಳಿಗೆ ಪಟ್ಟಿ ಸುತ್ತಿ, ಅಂಕಿ ನೋಡಿ, ನಂಬದೆ ಮತ್ತೊಮ್ಮೆ ಸುತ್ತಿದರು. "ಮಿಷನ್ ಸರಿಯಾಗೇ ಇದೆ. ಕೆಟ್ಟಿರೋದು ನೀವೇ" ಅಂದರು. ಮಾತ್ರೆ ಬರೆದುಕೊಟ್ಟದ್ದು ಸಾಲದು ಅಂತ, ಔಷಧಿ ಅಂಗಡಿಯ ಮಹಡಿಯಲ್ಲಿ ಸೋಮವಾರ ಸಂಜೆ ಧ್ಯಾನದ ಕ್ಲಾಸಿದೆ, ಹೋಗಲೇಬೇಕು ಅಂತಲೂ ಹೆದರಿಸಿದರು. ನನಗೆ ನಗು ಬಂತು. ಕಣ್ಣು ಮುಚ್ಚಿ ಕೂತರೆ ನನ್ನ ಕಸುಬಿನಲ್ಲಿ ಜನ ಸಾಯುತ್ತಾರೆ.

ನಾನು ಕಾರು ಕಲಿಸುವವಳು. ಕಲಿಯುವವರು ಸ್ಟೇರಿಂಗ್ ಹಿಡಿದು ಕೂತಿರುತ್ತಾರೆ, ನಾನು ಪಕ್ಕದ ಸೀಟಿನಲ್ಲಿ. ನನ್ನ ಕಾಲ ಹತ್ತಿರ ಎರಡನೆಯದೊಂದು ಬ್ರೇಕಿದೆ. ಈ ಊರಿನ ಎಷ್ಟೋ ಜನ ಇವತ್ತು ಕೈಕಾಲು ನೆಟ್ಟಗಿಟ್ಟುಕೊಂಡು ಓಡಾಡುತ್ತಿದ್ದರೆ ಅದು ಆ ಬ್ರೇಕಿನ ಪುಣ್ಯ.

ಕ್ಲಾಸಿನ ಗುರುಗಳು ಹಲ್ಲಿನ ಡಾಕ್ಟರಾಗಿದ್ದು ನಿವೃತ್ತರಾದವರು. ಆಯಸ್ಸೆಲ್ಲ "ಬಾಯಿ ತೆಗೀರಿ" ಅಂದವರು ಈಗ "ಬಾಯಿ ಮುಚ್ಚಿ, ಕಣ್ಣೂ ಮುಚ್ಚಿ" ಅನ್ನುತ್ತಾರೆ. ಕುರ್ಚಿಯ ಮೇಲೆ ಕೂತು ಉಸಿರನ್ನು ನೋಡಬೇಕಂತೆ. ಉಸಿರಲ್ಲಿ ನೋಡುವುದೇನಿದೆ? ಹೋಗುತ್ತದೆ, ಬರುತ್ತದೆ. ಬಾರದೇ ಇದ್ದ ದಿನ ನೋಡಿದರಾಯಿತು.

ಆಮೇಲೆ ಅವರು, "ಮೈಯಲ್ಲಿ ಎಲ್ಲಿ ಬಿಗಿ ಇದೆ, ಹುಡುಕಿ. ಸಡಿಲ ಮಾಡೋಕೆ ಹೋಗಬೇಡಿ. ಇದೆ ಅಂತ ಗೊತ್ತಾದ್ರೆ ಸಾಕು" ಅಂದರು. ಹುಡುಕಿದೆ. ಹೆಗಲು, ಕುತ್ತಿಗೆ ಎಲ್ಲ ಸುಮಾರಾಗಿಯೇ ಇದ್ದವು. ಬಲಗಾಲು ಮಾತ್ರ ನೆಲವನ್ನು ಒತ್ತಿಕೊಂಡು ಕೂತಿತ್ತು. ಧ್ಯಾನದ ಹಾಲಿನಲ್ಲಿ ಬ್ರೇಕು ಹಾಕುತ್ತಾ ಕೂತಿದ್ದೇನೆ! ಮನೆಗೆ ಬಂದು ಚಪ್ಪಲಿ ತಿರುಗಿಸಿ ನೋಡಿದರೆ ಬಲಗಡೆಯದರ ಮುಂಭಾಗ ಸವೆದು ಕಾಗದದಂತಾಗಿದೆ. ಎಡಗಡೆಯದು ಹೊಸದರ ಹಾಗಿದೆ.

ಮಾರ್ಚ್ 4, ಮಂಗಳವಾರ

ಅಕ್ಕನಿಗೆ ಕ್ಲಾಸಿನ ಕಥೆ ಹೇಳಿದೆ. "ನೀನು ಸುಮ್ನೆ ಕೂತಿದ್ಯಾ? ಫೋಟೋ ಯಾರಾದ್ರೂ ತೆಗೆದ್ರಾ?" ಅಂದಳು.

ಸ್ಟ್ರೋಕ್ ಆದಮೇಲೆ ಅವಳ ಬಲಗೈ, ಬಲಗಾಲು ಸೊರಗಿವೆ. ನಾಲಿಗೆ ಮಾತ್ರ ಒಂದು ವಾರ ರಜೆ ಹಾಕಿ ಮೊದಲಿನಂತೆ ಕೆಲಸಕ್ಕೆ ಬಂತು. ದರ್ಜಿ ಅವಳು. ಮಾರುಕಟ್ಟೆ ಬೀದಿಯಲ್ಲಿ ಅವಳ ಹೊಲಿಗೆ ಅಂಗಡಿ. ಅಂಗಡಿಯ ಮೇಲೆ ಅವಳ ಎರಡು ಕೋಣೆಯ ಮನೆ. ಆಸ್ಪತ್ರೆಯಿಂದ ನೇರ ಇಲ್ಲಿಗೆ ಕರೆದುಕೊಂಡು ಬಂದೆ. ಅಂಗಡಿಗೆ ಬೀಗ. ನನ್ನ ಕೋಣೆ ಈಗ ಅವಳದು, ಹಾಲಿನ ಸೋಫಾ ನನ್ನದು. ಒಂಟಿಯಾಗಿ ಬದುಕಿದ ಇಬ್ಬರು ಅಕ್ಕತಂಗಿಯರು ಈ ವಯಸ್ಸಿನಲ್ಲಿ ಮತ್ತೆ ಒಂದೇ ಬಚ್ಚಲಿಗೆ ಜಗಳವಾಡುತ್ತಿದ್ದೇವೆ. ನನಗೇನೋ ಚೆನ್ನಾಗಿಯೇ ಇದೆ.

ಬೆಳಿಗ್ಗೆ ಅವಳು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಗುಂಡಿ ತೂತಿನ ಹತ್ತಿರ ಹೋಗುವುದು, ಜಾರುವುದು. ನೋಡಲಾಗಲಿಲ್ಲ. ನಾನೇ ಹೋಗಿ ಪಟಪಟ ಹಾಕಿದೆ. "ಬಂತು, ಬಂತು ಅನ್ನೋವಾಗ್ಲೇ ಬಂದ್ಬಿಟ್ಟೆ ನೋಡು" ಅಂದಳು. ಥ್ಯಾಂಕ್ಸ್ ಅನ್ನುವ ಅಭ್ಯಾಸ ನಮ್ಮಮ್ಮನ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಯಾರಿಗೂ ಇಲ್ಲ.

ಮಾರ್ಚ್ 7, ಶುಕ್ರವಾರ

ಫಿಸಿಯೋ ಹುಡುಗಿ ಬಂದಿದ್ದಳು. ಅವಳು ಅಕ್ಕನ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಾಳೆ, ಪ್ರತಿಯಾಗಿ ನಾನು ಅವಳಿಗೆ ಕಾರು ಕಲಿಸುತ್ತೇನೆ. ರೋಗಿಗಳ ಮನೆಮನೆಗೆ ಬಸ್ಸಿನಲ್ಲಿ ಅಲೆದು ಅವಳ ಕಾಲೇ ಚಿಕಿತ್ಸೆಗೆ ಬಂದಿದೆ. ಇಬ್ಬರ ನಡುವಿನ ವ್ಯವಹಾರ ಕೈಗೆ ಕೈ, ಕಾಲಿಗೆ ಕಾಲು.

ಅಕ್ಕ ಚೆಂಡನ್ನು ಹಿಂಡುವಾಗ ಅದು ಉರುಳಿ ಮಂಚದ ಕೆಳಗೆ ಹೋಯಿತು. ನಾನು ಬಗ್ಗಿದೆ. ಹುಡುಗಿ ನನ್ನ ಭುಜ ಹಿಡಿದಳು. "ಮೇಡಂ, ಅಮ್ಮ ಕೇಳಿದ್ರಾ?"

"ಕೇಳಲಿಲ್ಲ. ಆದ್ರೆ..."

"ಕೇಳಲಿ. ಆಮೇಲೆ ಕೊಡಿ."

ಅಕ್ಕ ನಿಧಾನಕ್ಕೆ ನೆಲದ ಮೇಲೆ ಕೂತು, ಊರುಗೋಲಿನಿಂದ ಚೆಂಡನ್ನು ಎಳೆದುಕೊಂಡಳು. ಅಷ್ಟು ಹೊತ್ತು ನನ್ನ ಹಲ್ಲು ಕಚ್ಚಿಯೇ ಇತ್ತು. ಹಲ್ಲಿನ ಡಾಕ್ಟರಿಗೆ ಇದನ್ನು ಹೇಳಬೇಕು, ಅವರ ವಿಷಯವೇ.

ಹುಡುಗಿ ಹೋದಮೇಲೆ ಅಕ್ಕ, "ನನ್ನ ದೊಡ್ಡ ಕತ್ತರಿ ಎಲ್ಲೇ?" ಅಂದಳು. ಸಾಣೆಗೆ ಕೊಟ್ಟಿದ್ದೇನೆ ಅಂದೆ. ಸುಳ್ಳು. ಬೀರುವಿನ ಮೇಲೆ ಸೂಟ್‌ಕೇಸಿನ ಹಿಂದಿದೆ. ಆ ಕೈಯಲ್ಲಿ ಆ ಕತ್ತರಿ ಹಿಡಿದರೆ ಬಟ್ಟೆ ಉಳಿದೀತು, ಬೆರಳು ಉಳಿಯುವುದಿಲ್ಲ.

ಮಾರ್ಚ್ 10, ಸೋಮವಾರ

ಇವತ್ತಿನ ಪಾಠ: ಸಿಟ್ಟು ಬಂದಾಗ ಹೊರಗೆ ಕಾರಬಾರದು, ಒಳಗೆ ನುಂಗಲೂಬಾರದು, "ಸಿಟ್ಟು ಬಂದಿದೆ" ಅಂತ ಗುರುತಿಸಬೇಕು. ಮನೆಗೆ ಬಂದ ನೆಂಟರನ್ನು ಗುರುತಿಸಿದ ಹಾಗೆ. ನಾನು ಕೇಳಿದೆ, "ನೆಂಟರು ಹೋಗದೇ ಇದ್ರೆ?" ಎಲ್ಲರೂ ನಕ್ಕರು. ಹಲ್ಲಿನ ಡಾಕ್ಟರೂ ನಕ್ಕರು. ಅವರ ಮುಂದಿನ ಹಲ್ಲೊಂದು ಕಟ್ಟಿಸಿದ್ದು.

ಮಾರ್ಚ್ 12, ಬುಧವಾರ

ಪ್ರಯೋಗ ಮಾಡಿದೆ. ನನ್ನ ಶಿಷ್ಯರಲ್ಲಿ ಒಬ್ಬನಿಗೆ ಬಿರುಗಾಳಿ ಎಂದು ಹೆಸರಿಟ್ಟಿದ್ದೇನೆ. ತಿರುವು ಕಂಡರೆ ಅವನಿಗೆ ವೇಗ ಜಾಸ್ತಿ ಮಾಡುವ ಕಾಯಿಲೆ. ಇವತ್ತು ಅವನು ಕನ್ನಡಿ ನೋಡದೆ ಲೇನ್ ಬದಲಿಸಿದಾಗ ಗುರುಗಳು ಹೇಳಿದಂತೆ ಗುರುತಿಸಿದೆ. ಬಾಯಿಬಿಟ್ಟೇ ಗುರುತಿಸಿದೆ. "ಸಿಟ್ಟು ಬಂದಿದೆ. ಸಿಟ್ಟು ಬಂದಿದೆ."

ಅವನು ಬಿಳಿಚಿಕೊಂಡು ಕಾರನ್ನು ಪಕ್ಕಕ್ಕೆ ಹಾಕಿ, "ಮೇಡಂ, ಬೈದ್ಬಿಡಿ. ಇದು ಬೇಡ" ಅಂದ.

ಮನಸ್ಸಿನಲ್ಲೇ ಗುರುತಿಸಬೇಕಿತ್ತೇನೋ.

ಮಾರ್ಚ್ 16, ಭಾನುವಾರ

ಬರೆಯಲು ಇಷ್ಟವಿಲ್ಲ. ಬರೆಯುತ್ತೇನೆ.

ಅಕ್ಕನ ಅಂಗಡಿ ಕಟ್ಟಡದ ಯಜಮಾನರು ಬಂದಿದ್ದರು. ಕಿತ್ತಳೆ ಹಣ್ಣು ತಂದಿದ್ದರು. ಒಳ್ಳೆಯ ಮನುಷ್ಯ, ಮಾತು ಹೇಗೆ ತೆಗೆಯುವುದೆಂದು ತಿಳಿಯದೆ ಒಂದು ಹಣ್ಣನ್ನು ತಾವೇ ಸುಲಿದು ತಿಂದರು. ಕೊನೆಗೆ, ಅಂಗಡಿ ಮುಚ್ಚಿ ಬಹಳ ದಿನವಾಯಿತು, ಮೊಬೈಲು ರಿಪೇರಿಯವರು ಕೇಳುತ್ತಿದ್ದಾರೆ ಅಂದರು.

ಅಕ್ಕ ನೆಟ್ಟಗೆ ಕೂತಳು. "ಏಪ್ರಿಲ್ ಮುಗಿಯೋದ್ರೊಳಗೆ ನಾನೇ ಬಂದು ಬಾಗಿಲು ತೆಗೀತೀನಿ. ಅಂಗಡಿದೂ, ಮನೇದೂ."

"ನೀವು ಮೂವತ್ತನೇ ತಾರೀಕಿನೊಳಗೆ ಬಂದು ಬೀಗ ತೆಗೆದ್ರೆ ಅದು ನಿಮ್ಮದೇ. ಇಲ್ಲಾಂದ್ರೆ ಮಾತ್ರ..." ಅಂದರು ಅವರು.

ನಾನು ಅವರನ್ನು ಗೇಟಿನವರೆಗೆ ಬಿಡಲು ಹೋದೆ. ಅಲ್ಲಿ ಹೇಳಿದೆ: "ಅವಳಿಗೆ ಆಗಲ್ಲ. ಆ ಮೆಟ್ಟಿಲು ಹತ್ತೋಕೆ ಸಾಧ್ಯ ಇಲ್ಲ. ನೀವು ಮೊಬೈಲಿನವರಿಗೆ ಹೇಳ್ಬಿಡಿ." ಅವರು ಚಪ್ಪಲಿ ನೋಡುತ್ತಾ, "ಅವರ ಬಾಯಿಂದ ಬರಲಿ ಮೇಡಂ, ನಾನು ಕಾಯ್ತೀನಿ" ಅಂದರು.

ಒಳಗೆ ಬಂದರೆ ಅಕ್ಕ ಗೇಟಿನ ಮಾತು ಕೇಳಿಸುವ ಕಿಟಕಿಯ ಪಕ್ಕ ನಿಂತಿದ್ದಳು. ಹಾಸಿಗೆಯಿಂದ ಕಿಟಕಿಗೆ ಊರುಗೋಲಿಲ್ಲದೆ ನಡೆದು ಬಂದಿದ್ದಳು. ಅವಳು ಅಷ್ಟು ದೂರ ನಡೆದದ್ದು ಇದೇ ಮೊದಲು, ಅದಕ್ಕೆ ಸಂತೋಷಪಡುವ ಮುಖ ನನಗಿರಲಿಲ್ಲ.

ನಾನು ಮಾಡಿದ್ದರಲ್ಲಿ ತಪ್ಪೇನಿದೆ? ಬಿದ್ದರೆ ಎತ್ತುವವರು ಯಾರು?

ಮಾರ್ಚ್ 17, ಸೋಮವಾರ

ಅಕ್ಕ ಮಾತು ಬಿಟ್ಟಿದ್ದಾಳೆ. ಕ್ಲಾಸಿಗೆ ಹೋಗಲಿಲ್ಲ.

ಮಾರ್ಚ್ 18, ಮಂಗಳವಾರ

ಮಾತಿಲ್ಲ. ಗುಂಡಿ ಹಾಕಿಕೊಳ್ಳದೆ ಮೇಲೆ ಶಾಲು ಹೊದ್ದು ಕೂತಿದ್ದಾಳೆ, ನಾನು ಹಾಕಬಾರದು ಅಂತ. ಹಟ ಅನ್ನುವುದು ನಮ್ಮ ಮನೆಯ ಆಸ್ತಿ, ಪಾಲಾಗುವಾಗ ಅವಳಿಗೆ ದೊಡ್ಡ ಪಾಲು ಹೋಯಿತು.

ಮಾರ್ಚ್ 19, ಬುಧವಾರ

ಮಾತಿಲ್ಲ. ಒಂದು ಸಲ ಸೀನಿದಳು.

ಮಾರ್ಚ್ 21, ಶುಕ್ರವಾರ

ಇವತ್ತು ಏನಾಯಿತೆಂದು ಪೂರ್ತಿ ಬರೆಯಬೇಕು.

ಫಿಸಿಯೋ ಹುಡುಗಿಯ ಲೈಸೆನ್ಸ್ ಪರೀಕ್ಷೆಯಿತ್ತು. ಅವಳು ಸ್ಟೇರಿಂಗ್ ಹಿಡಿದಿದ್ದಳು, ನಾನು ಪಕ್ಕದಲ್ಲಿ, ಹಿಂದಿನ ಸೀಟಿನಲ್ಲಿ ಇನ್ಸ್‌ಪೆಕ್ಟರು. ನಿಯಮ ಏನೆಂದರೆ, ಪರೀಕ್ಷೆಯಲ್ಲಿ ಕಲಿಸುವವರ ಬ್ರೇಕನ್ನು ಒತ್ತಿದರೆ ಕಲಿತವರು ಫೇಲು. ಕಲಿಸುವವರು ಒತ್ತಬೇಕಾಗಿ ಬಂತೆಂದರೆ ಓಡಿಸುವವರಿಗೆ ಬಂದಿಲ್ಲ ಎಂದೇ ಅರ್ಥ.

ಎಷ್ಟು ಚೆನ್ನಾಗಿ ಓಡಿಸಿದಳು! ಏರಿನಲ್ಲಿ ನಿಲ್ಲಿಸಿ ಹೊರಟಳು, ಕಾರು ಒಂದಿಂಚೂ ಹಿಂದೆ ಜಾರಲಿಲ್ಲ. ರಿವರ್ಸ್ ಹಾಕಿ ನಿಲ್ಲಿಸಿದ್ದನ್ನು ನಾನೂ ಹಾಗೆ ಮಾಡಲಾರೆ. ಇನ್ನೇನು ಆಫೀಸಿನ ಗೇಟು ಕಾಣುತ್ತಿತ್ತು. ಪಕ್ಕದ ಬೀದಿಯಿಂದ ಸೈಕಲ್ಲಿನವನೊಬ್ಬ ಬಂದ. ಅವಳು ಆಗಲೇ ಅವನನ್ನು ನೋಡಿದ್ದಳು. ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದಳು, ಕಾರು ಆಗಲೇ ನಿಧಾನವಾಗುತ್ತಿತ್ತು, ನನಗೂ ಅದು ಗೊತ್ತಾಗುತ್ತಿತ್ತು. ಗೊತ್ತಿದ್ದೂ ಕಾಲು ಹೋಯಿತು. ಧಡ್ ಅಂತ ನಿಂತೆವು. ಸೈಕಲ್ಲಿನವನು ಬೆಚ್ಚಿ ನಮ್ಮ ಕಡೆ ನೋಡಿ ತನ್ನಷ್ಟಕ್ಕೆ ಹೋದ. ಹಿಂದಿನಿಂದ ಇನ್ಸ್‌ಪೆಕ್ಟರು ನಿಟ್ಟುಸಿರುಬಿಟ್ಟು, "ಛೆ" ಅಂದರು. ಅವರಿಗೂ ಬೇಜಾರಾಗಿತ್ತು.

ಹುಡುಗಿ ಕೈಬ್ರೇಕು ಎಳೆದು, ಎಂಜಿನ್ ಆಫ್ ಮಾಡಿ, ಎದುರಿನ ಗಾಜನ್ನೇ ನೋಡುತ್ತಾ ಕೂತಳು. "ನಾನು ನೋಡಿದ್ದೆ ಮೇಡಂ" ಅಂದಳು. ಅಷ್ಟೇ. ಕೂಗಾಡಿದ್ದರೆ ಚೆನ್ನಾಗಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದವಳು ನಾನು. ಅವಳನ್ನು ಬಸ್‌ಸ್ಟಾಪಿಗೆ ಬಿಟ್ಟು (ಬಸ್‌ಸ್ಟಾಪಿಗೆ!) ಮನೆಗೆ ಬಂದೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತಿತ್ತು. ಮನೆಯಲ್ಲಿದ್ದವಳು ಒಬ್ಬಳೇ, ಅವಳು ಮಾತು ಬಿಟ್ಟವಳು. ಇರಲಿ, ಕಿವಿ ಬಿಟ್ಟಿಲ್ಲವಲ್ಲ ಅಂತ ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಏರು, ರಿವರ್ಸು, ಸೈಕಲ್ಲು, ಕಾಲು.

ಅಕ್ಕ ಶಾಲು ಸರಿಮಾಡಿಕೊಂಡಳು. ಐದು ದಿನದ ಮೇಲೆ ಬಾಯಿ ತೆರೆದಳು. "ಅವಳಿಗೂನಾ?"

ಆಮೇಲೆ ನಗಲು ಶುರು ಮಾಡಿದಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಬಲಗಡೆಯ ತುಟಿ ಇನ್ನೂ ಸ್ವಲ್ಪ ಹಿಂದೆ ಬೀಳುತ್ತದೆ, ಹಾಗಾಗಿ ನಗು ಓರೆಯಾಗಿ ಬರುತ್ತದೆ. ಆ ಓರೆ ನಗು ನೋಡಿ ನನಗೂ ನಗು ಬಂತು. ಮಂಚದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಾವಾಗ ಅಳುವಾಯಿತೋ ತಿಳಿಯಲಿಲ್ಲ, ನನ್ನದು ಮಾತ್ರ. ಅವಳು ಎಡಗೈಯಿಂದ ನನ್ನ ತಲೆ ತಟ್ಟುತ್ತಾ, "ಆಯ್ತು ಬಿಡೇ ಪುಟ್ಟಿ, ಆಯ್ತು" ಅಂದಳು. ಈ ಜಗತ್ತಿನಲ್ಲಿ ನನ್ನನ್ನು ಪುಟ್ಟಿ ಅನ್ನುವವರು ಇನ್ನು ಅವಳೊಬ್ಬಳೇ.

ನಾನು ಕಣ್ಣೊರೆಸಿಕೊಂಡ ಮೇಲೆ ಹೇಳಿದಳು. "ಸರಿ, ಎದ್ದೇಳು. ಬೀರು ಮೇಲಿಂದ ನನ್ನ ಕತ್ತರಿ ಇಳಿಸು."

ಮಾರ್ಚ್ 24, ಸೋಮವಾರ

ಕ್ಲಾಸು ಮುಗಿದಮೇಲೆ ಹಲ್ಲಿನ ಡಾಕ್ಟರಿಗೆ ಪರೀಕ್ಷೆಯ ವಿಷಯ ಹೇಳಿದೆ. ಈ ಕಾಲಿಗೆ ಏನಾದರೂ ಉಪಾಯ ಇದೆಯೇ ಅಂತ ಕೇಳಿದೆ. ಕಿತ್ತುಹಾಕುವುದು ಅವರ ಹಳೆಯ ಉಪಾಯವಿರಬೇಕು ಅಂದದ್ದಕ್ಕೆ ನಕ್ಕರು.

"ಕಾಲು ಒತ್ತೋದು ಕೊನೇಗೆ. ಅದಕ್ಕಿಂತ ಮುಂಚೆ ಏನೋ ಆಗಿರುತ್ತೆ. ಅದನ್ನ ನೋಡಿ. ನೋಡ್ವಾಗ ನಿಮ್ಮನ್ನ ನೀವು ಬೈಕೋಬೇಡಿ. ಹೆದರಿರೋ ಮಗೂನ ಹೇಗೆ ನೋಡ್ತೀರೋ ಹಾಗೆ ನೋಡಿ" ಅಂದರು.

ಮನೆಗೆ ಬಂದು ಬಚ್ಚಲಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಜಾಗ ಅದೊಂದೇ. ಅಕ್ಕ ತನ್ನ ಮನೆಯ ಮೆಟ್ಟಿಲು ಹತ್ತುವುದನ್ನು ಕಣ್ಣ ಮುಂದೆ ತಂದುಕೊಂಡೆ. ಹೊಟ್ಟೆಯೊಳಗೆ ಏನೋ ಕಳಚಿಬಿದ್ದಂತಾಯಿತು, ಆಮೇಲೆ ಕಾಲು ಒತ್ತಿತು. ಬೀಳುತ್ತಾಳೆ ಎಂಬ ಭಯ. ಸರಿ, ಅದು ಗೊತ್ತಿದ್ದದ್ದೇ. ಎದ್ದುಬಿಡಬೇಕಿತ್ತು. ಏಳದೆ ಇನ್ನೂ ಸ್ವಲ್ಪ ಹೊತ್ತು ಕೂತೆ. ಈ ಸಲ ಕಣ್ಣ ಮುಂದಿನ ಅಕ್ಕ ಬೀಳಲಿಲ್ಲ. ಹತ್ತಿದಳು, ಬಾಗಿಲು ತೆಗೆದಳು, ಒಳಗೆ ಹೋದಳು. ಹೊಟ್ಟೆಯಲ್ಲಿ ಅದೇ ಮತ್ತೆ ಕಳಚಿಬಿತ್ತು, ಮೊದಲಿಗಿಂತ ಜೋರಾಗಿ.

ಅವಳು ಬೀಳುತ್ತಾಳೆ ಅಂತ ನನಗೆ ಭಯ. ಬೀಳದೆ ಹೋಗಿಬಿಡುತ್ತಾಳೆ ಅಂತ ಅದಕ್ಕಿಂತ ಭಯ.

ಈ ಪುಟ ಹರಿದು ಹಾಕಬೇಕು. ನಾಳೆ ಹಾಕುತ್ತೇನೆ.

ಅಕ್ಕ ಬಚ್ಚಲ ಬಾಗಿಲು ಬಡಿದು, "ಏನೇ, ಅಲ್ಲೇ ಸಂಸಾರ ಹೂಡಿದ್ಯಾ? ನಂಗೆ ಅರ್ಜೆಂಟು!" ಅಂದಳು.

ಏಪ್ರಿಲ್ 2, ಬುಧವಾರ

ಇಷ್ಟು ದಿನ ಬರೆಯಲು ಪುರುಸೊತ್ತಾಗಲಿಲ್ಲ. ಮನೆಯ ತುಂಬ ಚಿಂದಿ. ಅಕ್ಕ ಎಡಗೈಯಲ್ಲಿ ಕತ್ತರಿ ಹಿಡಿದು, ಬಲಗೈಯನ್ನು ಬಟ್ಟೆಯ ಮೇಲೆ ಭಾರಕ್ಕೆ ಇಟ್ಟುಕೊಂಡು ಕತ್ತರಿಸುತ್ತಾಳೆ. ಬಲಗೈ ಕತ್ತರಿ ಎಡಗೈಗೆ ಒಗ್ಗುವುದಿಲ್ಲ, ಬಟ್ಟೆಯನ್ನು ಅಗಿಯುತ್ತದೆ. ಹಳೆ ಪತ್ರಿಕೆ ಆಯಿತು, ನನ್ನ ಹಳೆ ಅಂಗಿ ಆಯಿತು. ನಿನ್ನೆ ನನ್ನ ಹೊಸ ನೀಲಿ ಹೊದಿಕೆಯನ್ನು ನಡುಮಧ್ಯ ಕತ್ತರಿಸಿಬಿಟ್ಟಿದ್ದಾಳೆ. ಅದೂ ನೇರವಾಗಿ ಅಲ್ಲ, ಹಾವು ಹರಿದ ಹಾಗೆ.

"ಹಳೇದು ಅಂದ್ಕೊಂಡೆ."

"ಬೆಲೆ ಚೀಟಿ ಇನ್ನೂ ನೇತಾಡ್ತಿದೆಯಲ್ಲೇ!"

"ಅದಕ್ಕೇ ಅಷ್ಟು ಗಟ್ಟಿ ಇತ್ತಾ" ಅಂದಳು. ಒಂಚೂರು ನಾಚಿಕೆ ಬೇಡವೇ.

ಸಿಟ್ಟು ಬಂತು. ಬಂದಿದ್ದು ಗೊತ್ತಾಯಿತು. ಟೀ ಇಡಲು ಹೋದೆ, ಕುದಿಯುವಷ್ಟರಲ್ಲಿ ಯಾಕೆ ಬಂದಿತ್ತೆಂದು ಮರೆತುಹೋಗಿತ್ತು. ವಯಸ್ಸಾಯಿತು, ಎಲ್ಲ ಮರೆಯುತ್ತದೆ.

ಏಪ್ರಿಲ್ 5, ಶನಿವಾರ

ಬಿರುಗಾಳಿಯ ಕಾರಿಗೆ ಮುದುಕರೊಬ್ಬರು ಅಡ್ಡ ಬಂದರು. ಅವನು ನೋಡಿರಲಿಲ್ಲ, ನಾನು ಒತ್ತಿದೆ. ನಿಂತಿತು. ಮುದುಕರು ನಮಗೆ ಕೈಬೀಸಿ ದಾಟಿದರು. ನಾನು ಬೈಯಲಿಲ್ಲ. "ಉಸಿರು ತಗೋ, ಕನ್ನಡಿ ನೋಡು, ಹೊರಡು" ಅಂದೆ. ಅವನು ಉಳಿದ ದಾರಿಯುದ್ದಕ್ಕೂ ಮದುವೆ ದಿಬ್ಬಣದ ಹಾಗೆ ಓಡಿಸಿದ.

ಏಪ್ರಿಲ್ 9, ಬುಧವಾರ

ಮಧ್ಯಾಹ್ನ ಬಂದಾಗ ಅಕ್ಕ ಸೂಜಿಗೆ ದಾರ ಪೋಣಿಸಲು ಕೂತಿದ್ದಳು. ಬೆಳಿಗ್ಗೆ ನಾನು ಹೊರಟಾಗಲೂ ಅದೇ ದಾರ, ಅದೇ ಸೂಜಿ. ನನ್ನನ್ನು ನೋಡಿದ್ದೇ ಎರಡನ್ನೂ ಮಡಿಲಲ್ಲಿ ಹಾಕಿಕೊಂಡು ಅತ್ತಳು. ಅಮ್ಮ ಹೋದಾಗಲೂ ಅವಳು ನನ್ನ ಮುಂದೆ ಅತ್ತಿರಲಿಲ್ಲ.

"ಈ ಕೈ ನಂದಲ್ಲ ಕಣೇ ಪುಟ್ಟಿ. ಯಾರದೋ ಕೈ ತಂದು ನನಗೆ ಹೊಲಿದುಬಿಟ್ಟಿದಾರೆ. ಅದೂ ಕೆಟ್ಟ ದರ್ಜಿ."

ಎಲ್ಲ ಸರಿಹೋಗುತ್ತದೆ ಅನ್ನಬೇಕಿತ್ತು. ಬಾಯಿಗೆ ಬರಲಿಲ್ಲ. ಸೂಜಿ ತೆಗೆದುಕೊಂಡು ನಾನೇ ಪೋಣಿಸಿ ಕೊಡಬಹುದಿತ್ತು, ಅದೂ ಆಗಲಿಲ್ಲ. ಪಕ್ಕದಲ್ಲಿ ಕೂತು ಆ ಕೈಯನ್ನು ನನ್ನ ಕೈಯಲ್ಲಿ ಇಟ್ಟುಕೊಂಡೆ. ತಣ್ಣಗಿತ್ತು. ನನ್ನ ಹೊಟ್ಟೆಯಲ್ಲೂ ಸಂಕಟ, ಅವಳದೂ ಸಂಕಟ, ಎರಡೂ ಅಲ್ಲೇ ಕೂತಿದ್ದವು. ಹೊರಗೆ ಯಾರೋ ಮರದ ಹಲಗೆಗೆ ಮೊಳೆ ಹೊಡೆಯುತ್ತಿದ್ದರು. ಬಿಸಿಲು ಗೋಡೆಯಿಂದ ಮಂಚಕ್ಕೆ ಬಂತು. ಆಮೇಲೆ ಅಕ್ಕ ಮೂಗು ಒರೆಸಿಕೊಂಡು ಸೂಜಿಯನ್ನು ಮೆತ್ತೆಗೆ ಚುಚ್ಚಿ ನಿಲ್ಲಿಸಿ, ಎಡಗೈಯಲ್ಲಿ ದಾರ ಹಿಡಿದು ಪೋಣಿಸಿಬಿಟ್ಟಳು. ಇಬ್ಬರೂ ಆ ಸೂಜಿಯನ್ನು ನೋಡಿದೆವು. "ಟೀ ಇಡ್ತೀಯೋ, ನಾನೇ ಇಡ್ಲೋ?" ಅಂದಳು.

ಈ ಗಲಾಟೆಯಲ್ಲಿ ನಾನು ದಿನಾ ಧ್ಯಾನಕ್ಕೆ ಕೂರುವ ಹೊತ್ತು ಕಳೆದೇಹೋಯಿತು. ಅಭ್ಯಾಸ ಒಂದು ನೆಟ್ಟಗೆ ನಡೆಯುತ್ತಿಲ್ಲ.

ಏಪ್ರಿಲ್ 18, ಶುಕ್ರವಾರ

ಪಾಸು! ಪಾಸು! ಪಾಸು!

ಅದೇ ಇನ್ಸ್‌ಪೆಕ್ಟರು. ಹತ್ತುವಾಗಲೇ ನನ್ನ ಕಾಲಿನ ಕಡೆ ನೋಡಿ, "ಇವತ್ತು ಅದಕ್ಕೆ ರಜೆ ತಾನೇ ಮೇಡಂ?" ಅಂದರು. ರಜೆ ಕೊಡಲಿಲ್ಲ. ಬ್ರೇಕಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಈ ಸಲ ನಾಯಿ ಬಂತು. ಹೊಟ್ಟೆಯಲ್ಲಿ ಕಳಚಿಬಿತ್ತು. ಬಿತ್ತು ಅಂತ ಗೊತ್ತಾಯಿತು, ಅಷ್ಟರಲ್ಲಿ ಹುಡುಗಿ ನಿಧಾನಿಸಿ, ನಾಯಿಗೆ ದಾರಿ ಬಿಟ್ಟು, ಮುಂದೆ ಹೋಗಿಯಾಗಿತ್ತು. ನನಗೆ ಮಾಡಲು ಏನೂ ಕೆಲಸವಿರಲಿಲ್ಲ.

ಅವಳು ನನ್ನನ್ನು ತಬ್ಬಿಕೊಂಡಳು. ಮನೆಗೆ ಬಂದು ಅಕ್ಕನನ್ನೂ ತಬ್ಬಿಕೊಂಡಳು. ಅಕ್ಕ ಅವಳ ಕಿವಿಯಲ್ಲಿ ಏನೋ ಹೇಳಿದಳು, ಇಬ್ಬರೂ ನನ್ನ ಕಡೆ ನೋಡಿ ನಕ್ಕರು. ನಗಲಿ.

ಇವತ್ತಿನಿಂದ ಅಭ್ಯಾಸಕ್ಕೆ ನಮ್ಮ ಕಟ್ಟಡದ ಮೆಟ್ಟಿಲು. ಹುಡುಗಿ ಹೇಳಿಕೊಟ್ಟಳು: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ನಾನು ಎಲ್ಲಿ ನಿಲ್ಲಬೇಕೆಂದು ಕೇಳಿದೆ. "ಕೆಳಗೆ" ಅಂದಳು. "ಕೈ ಎಲ್ಲಿಡ್ಲಿ?" ಅಂದೆ. "ನಿಮ್ಮ ಹತ್ರಾನೇ" ಅಂದಳು.

ಏಪ್ರಿಲ್ 27, ಭಾನುವಾರ

ಬೀರು ಖಾಲಿ ಮಾಡುತ್ತಿದ್ದೇವೆ. ಅವಳ ಬಟ್ಟೆಗಳನ್ನು ಮಡಿಸಿ ಸೂಟ್‌ಕೇಸಿಗೆ ಹಾಕುವಾಗ ಬಾಯಿಬಿಟ್ಟು ಹೇಳಿಬಿಟ್ಟೆ. "ನೀನು ಹೋಗೋದು ನಂಗೆ ಇಷ್ಟ ಇಲ್ಲ."

"ಗೊತ್ತು."

"ಆದ್ರೂ ಹೋಗು."

"ಹೋಗ್ತೀನಿ. ನಿನ್ನ ಸೋಫಾ ಕಿರುಗುಟ್ಟೋದು ಕೇಳಿ ಕೇಳಿ ಕಿವಿ ತೂತಾಗಿದೆ." ಇನ್ನೊಂದು ಸೀರೆ ನನ್ನ ಕೈಗೆ ಕೊಡುತ್ತಾ ಅವಳೇ ಅಂದಳು, "ಭಾನುವಾರ ಊಟಕ್ಕೆ ಬಾ. ಬಚ್ಚಲು ಖಾಲಿ ಇರುತ್ತೆ."

ಮಾರ್ಚ್ 24ರ ಪುಟ ಇನ್ನೂ ಹರಿದಿಲ್ಲ. ಇರಲಿ ಬಿಡಿ, ಹೇಳಿಯಾಯಿತಲ್ಲ.

ಏಪ್ರಿಲ್ 30, ಬುಧವಾರ

ಫಿಸಿಯೋ ಹುಡುಗಿ ತನ್ನ ಕಾರಿನಲ್ಲಿ ಕರೆದುಕೊಂಡು ಹೋದಳು. ಅಣ್ಣನಿಂದ ಎರವಲು ತಂದದ್ದು, ಒಂದು ಬಾಗಿಲಿನ ಬಣ್ಣ ಬೇರೆ. ನಾನು ಹಿಂದಿನ ಸೀಟಿನಲ್ಲಿ ಕೂತೆ. ಅಲ್ಲಿ ಯಾವ ಬ್ರೇಕೂ ಇಲ್ಲ. ದಾರಿಯಲ್ಲಿ ಹೊಸ ಎಲೆ ಬಂದ ಮರಗಳಿದ್ದವು, ನೋಡಿದೆ. ಇಷ್ಟು ವರ್ಷ ಆ ಬೀದಿಯಲ್ಲಿ ಮರ ಇರುವುದೇ ನನಗೆ ಗೊತ್ತಿರಲಿಲ್ಲ.

ಯಜಮಾನರು ಅಂಗಡಿಯ ಮುಂದೆ ನಿಂತಿದ್ದರು. ಅಕ್ಕ ಅವರಿಗೆ ತಲೆಯಾಡಿಸಿ, ಬೀಗ ತೆಗೆದು, ಶಟರಿಗೆ ಎಡಗೈ ಹಾಕಿದಳು. ತುಕ್ಕು ಹಿಡಿದದ್ದು, ಮೊಣಕಾಲಿನವರೆಗೆ ಬಂದು ನಿಂತಿತು. ಯಜಮಾನರು ಮುಂದೆ ಬಂದರು. ನಾನು ಅವರ ತೋಳು ಹಿಡಿದೆ. "ಅವಳು ಕೇಳಿದ್ಲಾ?" ಅಂದೆ. "ಏನು?" ಅಂದರು. ಅಕ್ಕ ಕೆಳಗೆ ಭುಜ ಕೊಟ್ಟು, ಒಂದು ಕೆಟ್ಟ ಬೈಗುಳ ಬೈದು, ಎತ್ತಿದಳು. ಶಟರು ದಡದಡ ಅಂತ ಮೇಲೆ ಹೋಯಿತು. ಒಳಗೆ ಹೊಲಿಗೆ ಮಿಷನ್ನು ಧೂಳು ಹೊದ್ದುಕೊಂಡು ಕೂತಿತ್ತು. ಅಕ್ಕ ಅದರ ಚಕ್ರವನ್ನು ಒಂದು ಸುತ್ತು ತಿರುಗಿಸಿದಳು.

ಆಮೇಲೆ ಮೆಟ್ಟಿಲು. ನಮ್ಮ ಕಟ್ಟಡದ್ದಕ್ಕಿಂತ ಕಡಿದು, ಅರ್ಧದಲ್ಲಿ ಒಂದು ತಿರುವು. ಹುಡುಗಿ ಕಾರಿನ ಹತ್ತಿರವೇ ನಿಂತಳು. ನಾನು ಕೆಳಗೆ ನಿಂತೆ. ಕೈ ನನ್ನ ಹತ್ತಿರವೇ.

ಗಟ್ಟಿ ಕಾಲು, ಸೋತ ಕಾಲು. ಗಟ್ಟಿ ಕಾಲು, ಸೋತ ಕಾಲು. ತಿರುವಿನ ಹತ್ತಿರ ಬಲಪಾದ ಮೆಟ್ಟಿಲಿನ ಅಂಚಿಗೆ ಸಿಕ್ಕಿ ಮೈ ಹಿಂದಕ್ಕೆ ವಾಲಿತು. ಹೊಟ್ಟೆಯಲ್ಲಿ ಕಳಚಿಬಿತ್ತು, ಬಲಗಾಲು ನೆಲವನ್ನು ಒತ್ತಿತು, ಒತ್ತಿದ್ದೂ ತಿಳಿಯಿತು. ಅವಳ ಎಡಗೈ ಕಂಬಿಯನ್ನು ಹಿಡಿದದ್ದು ಕಂಡಿತು. ಬಲಗೈ, ಆ ಯಾರದೋ ಕೈ, ನಿಧಾನಕ್ಕೆ ಬಂದು ಅದರ ಪಕ್ಕ ಕಂಬಿಯ ಮೇಲೆ ಕೂತಿತು. ನಾನು ನಿಂತಲ್ಲೇ ನಿಂತಿದ್ದೆ.

ಅಕ್ಕ ಹಿಂತಿರುಗಿ ನೋಡಲಿಲ್ಲ. ಕಂಬಿ ಹಿಡಿದುಕೊಂಡೇ ಅಂದಳು, "ಪುಟ್ಟಿ, ಉಸಿರು ಬಿಡೇ."

ಬಿಟ್ಟೆ.

ತಿರುವು ದಾಟಿ ಕಣ್ಣಿಗೆ ಮರೆಯಾದಳು. ಬೀಗದ ಸದ್ದು, ಬಾಗಿಲಿನ ಸದ್ದು, ಕಿಟಕಿಯ ಸದ್ದು. ಆಮೇಲೆ ಅವಳ ತಲೆ ಮೇಲಿನಿಂದ ಹೊರಗೆ ಬಂತು, ಓರೆ ನಗುವಿನ ಸಮೇತ. "ಮೇಲೆ ಬರ್ತೀಯೋ, ಅಲ್ಲೇ ಕಾವಲು ಕಾಯ್ತೀಯೋ?"

ಸಂಜೆ ಮನೆಗೆ ಬಂದರೆ ನನ್ನ ಮಂಚದ ಮೇಲೆ ನೀಲಿ ಹೊದಿಕೆ ಇತ್ತು. ಅರ್ಧ. ಹಾವು ಹರಿದಂತಿದ್ದ ಅಂಚನ್ನು ಕೈಹೊಲಿಗೆಯಲ್ಲಿ ಮಡಿಸಿ ಹೊಲಿದಿದ್ದಾಳೆ, ಒಂದು ಹೊಲಿಗೆ ಉದ್ದ, ಒಂದು ಗಿಡ್ಡ. ಇನ್ನರ್ಧ ಅವಳ ಸೂಟ್‌ಕೇಸಿನಲ್ಲಿ ಹೋಗಿದೆ. ಮನೆ ಬಹಳ ಖಾಲಿ ಇದೆ. ಹೊದ್ದು ನೋಡಿದೆ, ಪೂರ್ತಿ ಬರುವುದಿಲ್ಲ, ಬಲಗಾಲು ಹೊರಗೇ ಉಳಿಯುತ್ತದೆ. ಉಳಿಯಲಿ.

ಇವತ್ತೂ ಧ್ಯಾನಕ್ಕೆ ಕೂರಲಿಲ್ಲ. ಸೋಮವಾರ ಹಲ್ಲಿನ ಡಾಕ್ಟರು ಕೇಳಿದರೆ ನಿಜವನ್ನೇ ಹೇಳಿಬಿಡುತ್ತೇನೆ: ಮೆಟ್ಟಿಲ ಕೆಳಗೆ ನಿಂತಿರುವುದರಲ್ಲೇ ದಿನ ಮುಗಿದುಹೋಯಿತು, ಪುರುಸೊತ್ತಾಗಲಿಲ್ಲ.